ಆರನೆಯ ಗುಂಡಿ

ರಾಸ್ತಾ ಪೇಠಿನ ಗದ್ರೆ ಲ್ಯಾಬಿನಲ್ಲಿ ಮೂವತ್ತನಾಲ್ಕು ವರ್ಷ
ಎಡಗೈಗೆ ಐದು ಗುಂಡಿ, ಬಲಗೈಗೆ ಸ್ಲೈಡು ಸರಿಸುವ ತಿರುಪು.
ಐದು ಜಾತಿಯ ಬಿಳಿಕಣ, ಜಾತಿಗೊಂದು ಬೆರಳು.
ನೂರು ತುಂಬಿದೊಡನೆ ಯಂತ್ರ ತಾನೇ ಗಂಟೆ ಹೊಡೆಯುತ್ತಿತ್ತು.

ಮೊನ್ನೆ ಹಾಲಿನ ಚೀಟಿಯ ಹಿಂದೆ ಲೆಕ್ಕ ಹಾಕಿದೆ:
ದಿನಕ್ಕೆ ನಲವತ್ತು ಸ್ಲೈಡು. ರವಿವಾರ, ಗಣಪತಿ,
ಬಾಣಂತನದ ಮೂರು ತಿಂಗಳು ಕಳೆದರೂ
ನಾಲ್ಕು ಕೋಟಿ ಮುಖ.
ಪುಣೆಯಲ್ಲಿ ಯಾರೂ ಇಷ್ಟು ಜನರನ್ನು
ಹತ್ತಿರದಿಂದ ನೋಡಿರಲಿಕ್ಕಿಲ್ಲ.

ಉಗುರಿನ ಸಂದಿಯ ನೇರಳೆ ಬಣ್ಣ ಹೋಗುತ್ತಲೇ ಇರಲಿಲ್ಲ.
ರಗತದ ಕೈ, ಅಂತ ಅತ್ತೆ ನಾನು ಕಲಸಿದ ಹಿಟ್ಟು ಮುಟ್ಟುತ್ತಿರಲಿಲ್ಲ.
ಅವರ ಹಿಮೋಗ್ಲೋಬಿನ್ ಆರಕ್ಕಿಳಿದದ್ದು
ಮೊದಲು ಕಂಡದ್ದು ಇದೇ ಕೈಗೆ.
ಇರಲಿ.

ಈಗ ಅರವತ್ತೊಂಬತ್ತು.
ವಯಸ್ಸಾದವರ ರಕ್ತದ ಮೇಲೆ ಏನೋ ಅಧ್ಯಯನವಂತೆ, ಬಾಣೇರಿನಲ್ಲಿ.
ತೋಳು ಕೊಟ್ಟು, ಚಹಾ ಬಿಸ್ಕೀಟು ತಿಂದು ಬಂದೆ.
ನಾಲ್ಕು ತಿಂಗಳ ಮೇಲೆ ಋಚಾ ಅನ್ನುವ ಹುಡುಗಿ ಕರೆಸಿ
ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡಳು.
ಅಷ್ಟಕ್ಕೇ ತಿಳಿಯಿತು. ನಾವೂ ಹಾಗೇ ಎಳೆಯುತ್ತಿದ್ದೆವು.

"ಕಾಕೂ, ಇದು ರೋಗ ಅಲ್ಲ.
ಆದರೆ ಏನೂ ಇಲ್ಲ ಅಂತ ಬರೆಯೋಕೂ ಆಗಲ್ಲ."
ಮೂಳೆಯ ಒಳಗೆ ರಕ್ತ ಹೆರುವ ತಾಯಂದಿರು ಸಾವಿರಾರು.
ಅವರಲ್ಲೊಬ್ಬಳು ಯಾವಾಗಲೋ, ನನ್ನ ನಲವತ್ತಕ್ಕೋ ಐವತ್ತಕ್ಕೋ,
ತನ್ನನ್ನೇ ನಕಲು ಬರೆಯುವಾಗ ಒಂದಕ್ಷರ ತಪ್ಪಿದಳು.
ತಪ್ಪೇ ವರವಾಯಿತು.
ಓರಗೆಯವರು ಸೊರಗಿದರು, ಇವಳು ಹೆರುತ್ತಲೇ ಹೋದಳು.
ನನ್ನ ನೂರು ಬಿಳಿಕಣದಲ್ಲಿ ಈಗ ಇಪ್ಪತ್ತೆರಡು
ಇವಳೊಬ್ಬಳ ಸಂತಾನ.

ಅಪ್ಪ ಕೊಟ್ಟದ್ದಲ್ಲ, ಮಗಳಿಗೆ ಹೋಗುವುದೂ ಇಲ್ಲ.
ಪಿತ್ರಾರ್ಜಿತ ಅಂತ ನನಗೆ ಒಂದು ಗುಂಟೆಯೂ ಬರಲಿಲ್ಲ;
ಇದೊಂದು ಪೂರ್ತಿ ಸ್ವಯಾರ್ಜಿತ.

ಕ್ಯಾನ್ಸರೇ? ಆಗಬಹುದು, ಬಹಳ ಕಡಿಮೆ.
ಎದೆಯದೇ ಹೆಚ್ಚು ಚಿಂತೆ. ಆ ಮಕ್ಕಳು ಸಿಡುಕರಂತೆ,
ರಕ್ತನಾಳದ ಗೋಡೆಗೆ ಜಿಡ್ಡು ಕಂಡರೆ ಕಿಡಿ ಹಾಕುತ್ತಾರಂತೆ.
ಇದಕ್ಕೇ ಅಂತ ಮಾತ್ರೆ ಇನ್ನೂ ಬಂದಿಲ್ಲ.
ಬಿಪಿ ನೋಡಿಕೊಳ್ಳಿ, ದಿನಾ ನಡೆಯಿರಿ.

ನಾನು ಕೇಳಿದ್ದು ಒಂದೇ: ಸ್ಲೈಡು ಇದೆಯಾ?
ಹುಡುಗಿ ನಕ್ಕು, ಹುಡುಕಿ ತಂದಳು.
ಎಣ್ಣೆಯ ಹನಿ ನಾನೇ ಬಿಟ್ಟೆ. ಕೈ ನಡುಗಲಿಲ್ಲ.
ಎಂಥ ಚಂದ ಇದ್ದವು!
ಮೂರು ಎಸಳಿನ ಬೀಜ, ತೆಳು ಗುಲಾಬಿ ಸೆರಗು,
ಅಂಚು ಕೂಡ ಹರಿದಿಲ್ಲ.
ನೂರು ನೋಡಿದೆ, ಇನ್ನೂ ನೂರು ನೋಡಿದೆ.
"ಯಾವುದು?"
"ಕಾಣೋದಿಲ್ಲ ಕಾಕೂ. ಮುಖ ಎಲ್ಲರದ್ದೂ ಒಂದೇ."

ಆಗ ಏಕನಾಥ ನೆನಪಾದ.
ನಮ್ಮ ಸ್ಲೈಡು ತೊಳೆಯುತ್ತಿದ್ದವ. ಬೀಡಿ ಇಲ್ಲ, ಸಕ್ಕರೆ ಇಲ್ಲ,
ಐವತ್ತೆಂಟಕ್ಕೆ ಸ್ವಾರಗೇಟಿನ ಬಸ್ಸಿನಲ್ಲಿ ಕೂತಲ್ಲೇ ಹೋದ.
ಟಿಕೀಟು ಬೆರಳ ನಡುವೆ ಹಾಗೇ ಇತ್ತಂತೆ.
ಹಿಂದಿನ ವಾರವಷ್ಟೇ ಅವನ ರಕ್ತ ನಾನು ಎಣಿಸಿದ್ದೆ,
ಎಲ್ಲ ಸರಿ ಎಂದು ಬರೆದು ಸಹಿ ಮಾಡಿದ್ದೆ.
"ನೀವು ನೋಡಿದ್ದಿರಲ್ಲ ಬಾಯಿ?" ಅಂದಿದ್ದಳು ಅವನ ಹೆಂಡತಿ,
ಬೈಗುಳವಾಗಿ ಅಲ್ಲ, ಸುಮ್ಮನೆ.
ನೋಡಿದ್ದೆ. ಐದೇ ಗುಂಡಿ ಇದ್ದವು.
ಅವನಿಗೂ ಇದೇ ಇತ್ತೋ, ಬೇರೆ ಏನೋ.
ಆ ಗಾಜನ್ನೂ ಅವನೇ ತೊಳೆದಿಟ್ಟು ಹೋಗಿದ್ದ.

ಮಗಳಿಗೆ ಫೋನಿನಲ್ಲಿ, ಹಿಮೋಗ್ಲೋಬಿನ್ ಹನ್ನೆರಡೂವರೆ, ಅಂದೆ.
ಸುಳ್ಳೇನಲ್ಲ.
ಬಸ್ಸಿನಲ್ಲಿ ಸೀಟಿನ ಕಂಬಿಯ ಮೇಲೆ ಎಡಗೈ
ತನ್ನ ಪಾಡಿಗೆ ಎಣಿಸತೊಡಗಿತು:
ಹೂವಿನ ಬುಟ್ಟಿ, ಹೆಲ್ಮೆಟ್ಟು, ನಿದ್ದೆಗೆ ಜಾರಿದ ಕಂಡಕ್ಟರ,
ಕಿಟಕಿಗೆ ಮೂಗೊತ್ತಿದ ಕೂಸು.
ಆರನೆಯದಕ್ಕೆ ಬೆರಳು ಸಾಲದೆ
ಹೆಬ್ಬೆರಳು ಗಾಳಿಯಲ್ಲೇ ನಿಂತಿತು.

ಎರಡು ಸ್ಟಾಪು ಮೊದಲೇ ಇಳಿದೆ.
ನಡೆಯಿರಿ, ಅಂದಿದ್ದಳಲ್ಲ.